ಡೈರೆಕ್ಟ್‌ಎಕ್ಸ್ 12 ಇದೆ ಅಂತ ತೋರಿಸುತ್ತದೆ, ಗೇಮ್ ಮಾತ್ರ ತೆರೆಯಲ್ಲ

ಪ್ರಶ್ನೆ (ಸೇಡಂ ರಸ್ತೆ, ಕಲಬುರಗಿ):
ಸರ್ ನಮಸ್ಕಾರ. ನಾನು ಡಿಪ್ಲೊಮಾ ಓದುತ್ತಿದ್ದೇನೆ. ದೀಪಾವಳಿಗೆ ಅಪ್ಪ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಡಿಸಿದರು. ಯಾವುದೋ ಆಫೀಸಿನಿಂದ ಬಂದ ಮಾಲು. ಐ5-4570 ಪ್ರೊಸೆಸರ್, 8 ಜಿಬಿ ರ‍್ಯಾಮ್, ವಿಂಡೋಸ್ 10. "ಹುಡುಗ ಗೇಮ್ ಆಡ್ತಾನೆ ಅಂದ್ರಲ್ಲ, ಗ್ರಾಫಿಕ್ಸ್ ಕಾರ್ಡ್ ಹಾಕಿ ಕೊಟ್ಟೀನಿ" ಅಂತ ಅಂಗಡಿಯವರು ಅದಕ್ಕೆ ಬೇರೆ ದುಡ್ಡು ತಗೊಂಡರು. ಕಾರ್ಡ್ ಹೆಸರು ಜಿಫೋರ್ಸ್ 210, 1 ಜಿಬಿ.

ಕೌಂಟರ್-ಸ್ಟ್ರೈಕ್ 2 ಇಳಿಸಿಕೊಂಡೆ. ಪ್ಲೇ ಒತ್ತಿದರೆ ಪರದೆ ಕಪ್ಪಾಗುತ್ತದೆ. ಡೈರೆಕ್ಟ್‌ಎಕ್ಸ್ 11 ಕಾರ್ಡ್ ಬೇಕು ಅನ್ನೋ ಅರ್ಥದ ಸಂದೇಶ ಬಂದು ಮುಚ್ಚಿಕೊಳ್ಳುತ್ತದೆ. ವಿಂಡೋಸಿನಲ್ಲಿ ಡೈರೆಕ್ಟ್‌ಎಕ್ಸ್ ಮಾಹಿತಿ ತೋರಿಸುವ ಡಿಎಕ್ಸ್‌ಡಯಾಗ್ ತೆರೆದರೆ ಡೈರೆಕ್ಟ್‌ಎಕ್ಸ್ 12 ಅಂತಲೇ ಇದೆ! 12 ಇದ್ದ ಮೇಲೆ 11 ಕೇಳುವುದು ಯಾಕೆ? ಡ್ರೈವರ್ ಅಪ್‌ಡೇಟ್ ಮಾಡುವ ಸಾಫ್ಟ್‌ವೇರ್ ಕೂಡ ಹಾಕಿದೆ, ಏನೂ ಆಗಲಿಲ್ಲ. ಹೊಸ ಕಾರ್ಡ್ ಅಂದರೆ ಅಪ್ಪ "ಇರೋ ಕಾರ್ಡಿಗೆ ಏನಾಗೇದ?" ಅಂತಾರೆ. ಹೆಚ್ಚು ಅಂದ್ರೆ 5000 ಸಿಗಬಹುದು. ಯಾವುದು ತಗೊಳ್ಳಲಿ?

ಉತ್ತರ (ಕಂಪ್ಯೂಟರ್ ರಿಪೇರಿ, ಸೂಪರ್ ಮಾರ್ಕೆಟ್):
ತಮ್ಮಾ, ಸದ್ಯಕ್ಕೆ ಏನೂ ತಗೋಬೇಡ. ಇರೋ ಕಾರ್ಡ್ ಬಿಚ್ಚಿ ಹೊರಗಿಡು. ತಮಾಷೆ ಅಲ್ಲ, ಕೊನೆವರೆಗೆ ಓದು.

ಮೊದಲು ಆ 12ರ ವಿಷಯ. ಡೈರೆಕ್ಟ್‌ಎಕ್ಸ್ ಅಂದರೆ ಗೇಮು ಗ್ರಾಫಿಕ್ಸ್ ಕಾರ್ಡಿನಿಂದ ಕೆಲಸ ತಗೊಳ್ಳಲು ವಿಂಡೋಸ್ ಕೊಡುವ ವ್ಯವಸ್ಥೆ. ಡಿಎಕ್ಸ್‌ಡಯಾಗ್‌ನ ಮೊದಲ ಪುಟದಲ್ಲಿ ಕಾಣುವುದು ವಿಂಡೋಸ್ ಜೊತೆ ಬಂದ ಡೈರೆಕ್ಟ್‌ಎಕ್ಸ್. ವಿಂಡೋಸ್ 10 ಹಾಕಿದ ಎಲ್ಲ ಕಂಪ್ಯೂಟರಿನಲ್ಲೂ ಅಲ್ಲಿ 12 ಅಂತಲೇ ಇರುತ್ತದೆ. ಒಳಗೆ ಯಾವ ಕಾರ್ಡ್ ಇದೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ನೀನು ನೋಡಬೇಕಾದದ್ದು ಪಕ್ಕದ ಡಿಸ್‌ಪ್ಲೇ ಅನ್ನೋ ಪುಟ. ಅಲ್ಲಿ ಬಲಗಡೆ ಫೀಚರ್ ಲೆವೆಲ್ಸ್ ಅಂತ ಒಂದು ಸಾಲು ಇದೆ. ಕಾರ್ಡಿನ ಕೈಲಿ ನಿಜವಾಗಿ ಏನಾಗುತ್ತದೆ ಅಂತ ಅದು ಹೇಳುತ್ತದೆ. ನಿನ್ನದರಲ್ಲಿ 10_1 ರಿಂದ ಶುರುವಾಗಿರಬೇಕು, ನೋಡಿ ಹೇಳು.

ಜಿಫೋರ್ಸ್ 210 ಬಂದಿದ್ದು 2009ರಲ್ಲಿ. ಅದರದ್ದು ಡೈರೆಕ್ಟ್‌ಎಕ್ಸ್ 10.1, ಶೇಡರ್ ಮಾಡೆಲ್ (ಬೆಳಕು, ಬಣ್ಣದ ಲೆಕ್ಕ ಹಾಕುವ ಸಾಮರ್ಥ್ಯದ ಮಟ್ಟ) 4.1. ಸಿಎಸ್2, ಅಂದರೆ ನಿನ್ನ ಕೌಂಟರ್-ಸ್ಟ್ರೈಕ್ 2, ಕೇಳುವುದು ಡೈರೆಕ್ಟ್‌ಎಕ್ಸ್ 11, ಶೇಡರ್ ಮಾಡೆಲ್ 5.0. ಈ ಕೆಲಸ ಚಿಪ್ಪಿನ ಒಳಗೇ ಇರಬೇಕು, ಸಾಫ್ಟ್‌ವೇರ್ ಹಾಕಿ ತರುವುದಕ್ಕೆ ಆಗಲ್ಲ. ಈ ಚಿಪ್ಪು ಮಾಡಿದ ಎನ್‌ವಿಡಿಯಾ ಕಂಪನಿ ಈ ಕಾರ್ಡಿಗೆ ಕೊನೆಯ ಡ್ರೈವರ್ (ಕಾರ್ಡನ್ನು ನಡೆಸಲು ವಿಂಡೋಸಿಗೆ ಬೇಕಾದ ಸಾಫ್ಟ್‌ವೇರ್) ಕೊಟ್ಟಿದ್ದು 2016ರಲ್ಲಿ, ನಂಬರ್ 342.01. ಅದಾದ ಮೇಲೆ ಹೊಸದು ಬಂದೇ ಇಲ್ಲ. ನಿನ್ನ ಅಪ್‌ಡೇಟ್ ಸಾಫ್ಟ್‌ವೇರ್ ಏನು ಹುಡುಕುತ್ತೆ ಪಾಪ! ಅದನ್ನು ಮೊದಲು ತೆಗೆದುಹಾಕು, ಜಾಹೀರಾತು ಬಿಟ್ಟರೆ ಅದರಲ್ಲಿ ಏನೂ ಇರಲ್ಲ. "1 ಜಿಬಿ ಇದೆಯಲ್ಲ" ಅಂತ ಅಂಗಡಿಯವರು ಹೇಳಬಹುದು. ಗೇಮ್ 1 ಜಿಬಿ ಕೇಳುವುದೂ ನಿಜ. ಆದರೆ ಮೆಮೊರಿ ಎಷ್ಟಿದ್ದರೇನು, ಚಿಪ್ಪೇ ಹಳೆಯದು.

ಈಗ ಒಳ್ಳೆ ಸುದ್ದಿ. ನಿನ್ನ ಐ5-4570 ಒಳಗೇ ಒಂದು ಗ್ರಾಫಿಕ್ಸ್ ಇದೆ. ಇಂಟೆಲ್ ಎಚ್‌ಡಿ 4600. ಅದರ ಫೀಚರ್ ಲೆವೆಲ್ 11_1. ದುಡ್ಡು ಕೊಟ್ಟು ಹಾಕಿಸಿದ ಕಾರ್ಡಿಗಿಂತ ಪುಕ್ಕಟೆ ಬಂದದ್ದೇ ಜೋರು. ಕಾರ್ಡ್ ಕೂತಿದ್ದರಿಂದ ಅದು ಸುಮ್ನೆ ಮಲಗಿದೆ ಅಷ್ಟೇ.

ಹೀಗೆ ಮಾಡು. ಕಂಪ್ಯೂಟರ್ ಆಫ್ ಮಾಡಿ ವೈರ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿ, ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟು. ಕಾರ್ಡಿನ ಸ್ಕ್ರೂ ತೆಗೆ. ಸ್ಲಾಟಿನ ತುದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಇರುತ್ತದೆ, ಅದನ್ನು ಒತ್ತಿಕೊಂಡೇ ಕಾರ್ಡ್ ಮೇಲಕ್ಕೆ ಎತ್ತು. ಕೊಕ್ಕೆ ಒತ್ತದೆ ಜಗ್ಗಿದರೆ ಸ್ಲಾಟ್ ಹಾಳು. ಆಮೇಲೆ ಮಾನಿಟರ್ ಕೇಬಲ್ ತಂದು ಯುಎಸ್‌ಬಿ, ಕೀಬೋರ್ಡ್ ಚುಚ್ಚುವ ಜಾಗದ ಪಕ್ಕ ಇರುವ ವಿಜಿಎ ಪೋರ್ಟಿಗೆ ಹಾಕು. ಕೆಲವು ಆಫೀಸ್ ಕಂಪ್ಯೂಟರಿನಲ್ಲಿ ಆ ಪೋರ್ಟಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿರುತ್ತಾರೆ. ಇದ್ದರೆ ಕಿತ್ತು ಬಿಸಾಕು.

ಹೆಂಗೂ ತೆರೆದಿದ್ದೀಯ, ಧೂಳೂ ಹೊಡೆದುಬಿಡು. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದರ ಮೇಲೆ ಈ ಧೂಳು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಿಂದ ಹಿಡಿದುಕೋ. ನಂತರ ಹಳೆ ಎನ್‌ವಿಡಿಯಾ ಡ್ರೈವರ್ ತೆಗೆದು, ಇಂಟೆಲ್ ವೆಬ್‌ಸೈಟಿನಿಂದಲೇ 4ನೇ ಜನರೇಷನ್ ಗ್ರಾಫಿಕ್ಸ್ ಡ್ರೈವರ್ ಹಾಕು. ಬೇರೆ ಎಲ್ಲಿಂದಲೂ ಬೇಡ.

ಪ್ರಶ್ನೆ ಕೇಳಿದವರು:
ಸರ್, ಗೇಮ್ ತೆರೀತು! ಫೀಚರ್ ಲೆವೆಲ್ ಮೊದಲು 10_1 ಇತ್ತು, ಈಗ 11_1 ಅಂತಿದೆ. ಆದರೆ ತಡವರಿಸುತ್ತದೆ. ಯಾರಾದರೂ ಹೊಗೆ ಬಾಂಬ್ ಎಸೆದರೆ ಪರದೆ ನಿಂತೇ ಬಿಡುತ್ತದೆ.

ಉತ್ತರ:
ಆಗುತ್ತದೆ. ಸಿಎಸ್2ರ ಹೊಗೆ ಹಳೆ ಆಟದ ಹಾಗಲ್ಲ. ಗುಂಡು ಹಾರಿದರೆ ಅದರಲ್ಲಿ ತೂತು ಬೀಳುತ್ತದೆ, ಗ್ರೆನೇಡ್ ಬಿದ್ದರೆ ಚದುರುತ್ತದೆ. ಅದಕ್ಕೆಲ್ಲ ಗ್ರಾಫಿಕ್ಸಿನ ದುಡಿಮೆ ಜಾಸ್ತಿ. ರೆಸಲ್ಯೂಷನ್ 1280x720 ಮಾಡು, ಎಲ್ಲ ಸೆಟ್ಟಿಂಗ್ ಲೋ ಇಡು, ಎಫ್‌ಎಸ್‌ಆರ್ ಅಂತ ಒಂದಿದೆ, ಚಿತ್ರವನ್ನು ಚಿಕ್ಕದಾಗಿ ಮಾಡಿ ಆಮೇಲೆ ಹಿಗ್ಗಿಸಿ ತೋರಿಸುತ್ತದೆ, ಅದನ್ನು ಪರ್ಫಾರ್ಮೆನ್ಸ್‌ಗೆ ಹಾಕು. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಆಟ ಓಡುತ್ತದೆ.

ಇನ್ನೊಂದು, ರ‍್ಯಾಮ್ ಒಂದೇ ಕಡ್ಡಿ ಇದೆಯಾ ಎರಡು ಇದೆಯಾ? ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ಒಂದೇ ದಾರಿಯಲ್ಲಿ ಎಲ್ಲ ಓಡಾಡಬೇಕು. ಎರಡಿದ್ದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಎಚ್‌ಡಿ 4600ಗೆ ಅದರಿಂದ ಎದ್ದು ಕಾಣುವಷ್ಟು ಲಾಭ ಇದೆ. ಕಾರ್ಡಿಗಿಂತ ಮೊದಲು ಅದಕ್ಕೆ ದುಡ್ಡು ಹಾಕು.

ಇನ್ನೊಬ್ಬರು (ಬೀದರ್):
ಅಣ್ಣಾ, ನನ್ನದೂ ಅದೇ 210 ಕಾರ್ಡ್. ಪ್ರೊಸೆಸರ್ ಐ5-2400. ನಾನೂ ಕಾರ್ಡ್ ಕಿತ್ತು ಬಿಡಲಾ?

ಉತ್ತರ:
ಬೇಡ್ರೀ. ನಿಮ್ಮದು 2ನೇ ಜನರೇಷನ್. ಒಳಗಿರುವುದು ಎಚ್‌ಡಿ 2000, ಅದೂ 10_1 ತನಕವೇ. ಕಿತ್ತರೂ ಅಷ್ಟೇ, ಬಿಟ್ಟರೂ ಅಷ್ಟೇ. 3ನೇ ಜನರೇಷನ್ನಿಂದ ಇಂಟೆಲ್ ಒಳಗಿನ ಗ್ರಾಫಿಕ್ಸಿಗೆ 11_0 ಬಂತು. ನಿಮಗೆ ಕಾರ್ಡ್ ಬದಲಿಸದೆ ದಾರಿ ಇಲ್ಲ.

ಮತ್ತೊಬ್ಬರು (ಶಹಾಪುರ, ಯಾದಗಿರಿ ಜಿಲ್ಲೆ):
ಡಿಎಕ್ಸ್‌ಸಿಪಿಎಲ್ ಅಂತ ಒಂದು ಫೈಲ್ ಹಾಕಿದರೆ ಯಾವ ಕಾರ್ಡಲ್ಲೂ 11 ಗೇಮ್ ಓಡುತ್ತೆ ಅಂತ ವಿಡಿಯೊ ನೋಡಿದೆ. ಬೀದರಿನ ಅಣ್ಣ ಅದನ್ನು ಮಾಡಬಹುದಲ್ವಾ?

ಉತ್ತರ:
ವಿಡಿಯೊದಲ್ಲಿ ಮೆನು ತೆರೆಯುವ ತನಕ ತೋರಿಸಿ ನಿಲ್ಲಿಸಿರುತ್ತಾರೆ, ಗಮನಿಸಿ. ಅದು ಗೇಮ್ ತಯಾರಿಸುವವರು ಪರೀಕ್ಷೆಗೆ ಇಟ್ಟುಕೊಳ್ಳುವ ಸಲಕರಣೆ. ಕಾರ್ಡ್ ಮಾಡಬೇಕಾದ ಕೆಲಸವನ್ನೆಲ್ಲ ಪ್ರೊಸೆಸರ್ ತಲೆ ಮೇಲೆ ಹೊರಿಸುತ್ತದೆ. ಗೇಮ್ ತೆರೆಯಬಹುದು, ಆಡಲು ಆಗಲ್ಲ, ಚಿತ್ರ ಒಂದೊಂದಾಗಿ ಬರುತ್ತದೆ. ಸಾಲದ್ದಕ್ಕೆ ಆ ಫೈಲನ್ನು ಸಿಕ್ಕ ಸಿಕ್ಕ ಲಿಂಕಿನಿಂದ ಇಳಿಸುತ್ತಾರೆ, ಜೊತೆಗೆ ವೈರಸ್ ಬಂದರೆ ಗೇಮ್ ಇಳಿಸುವ ಸ್ಟೀಮ್ ಅಕೌಂಟೂ ಹೋಯಿತು.

ಬೀದರ್:
ಹಂಗಾದರೆ ಯಾವ ಕಾರ್ಡ್ ಹೇಳ್ರಿ. ಮುಂದಿನ ವಾರ ಹೈದರಾಬಾದಿಗೆ ಹೋಗುವವನಿದ್ದೇನೆ. ನನ್ನದೂ ಆಫೀಸ್ ಕಂಪ್ಯೂಟರ್, ತೆಳ್ಳಗಿನ ಕ್ಯಾಬಿನೆಟ್.

ಉತ್ತರ:
ತೆಳ್ಳಗಿನದಾದರೆ ಲೋ ಪ್ರೊಫೈಲ್ ಕಾರ್ಡೇ ಬೇಕು, ಗಿಡ್ಡ ಪಟ್ಟಿಯದು. ಆಫೀಸ್ ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ) ಸಣ್ಣದು, ಕಾರ್ಡಿಗೆ ಬೇರೆ ವೈರ್ ಇರಲ್ಲ. ಹಾಗಾಗಿ ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುವ ಕಾರ್ಡ್ ನೋಡಿ. ಜಿಟಿ 1030 ಆದರೆ 30 ವ್ಯಾಟ್. ಜಿಟಿಎಕ್ಸ್ 1050 ಟಿಐ 75 ವ್ಯಾಟ್. ಎರಡನೆಯದು ಸಿಕ್ಕರೆ ಅದೇ ಒಳ್ಳೆಯದು, ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು ಅಂತ ಲೇಬಲ್ ಓದಿಕೊಂಡು ಹೋಗಿ. 1030ರಲ್ಲಿ ಮೆಮೊರಿ ಡಿಡಿಆರ್4 ಅಂತ ಬರೆದಿದ್ದು ಬಿಡಿ, ಬಹಳ ನಿಧಾನ. ಜಿಡಿಡಿಆರ್5 ಕೇಳಿ. ಜಿಟಿ 730 ಅಂತ ಕೊಡಲು ಬರುತ್ತಾರೆ. ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಚಿಪ್ಪು ಮಾರಿದ್ದಾರೆ, ಒಂದು ಹಳೆ ಫರ್ಮಿ ಪೀಳಿಗೆಯದು, ಇನ್ನೊಂದು ಅದರ ನಂತರದ ಕೆಪ್ಲರ್. ಆ ತಲೆನೋವು ಬೇಡ.

ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದರೆ ಸೆಕೆಂಡ್ ಹ್ಯಾಂಡ್ ಕಾರ್ಡ್ ಸಿಗುತ್ತವೆ. ಅಲ್ಲಾಗಲಿ, ಆನ್‌ಲೈನಲ್ಲಾಗಲಿ, ನಕಲಿ 1050 ಟಿಐ ಬಗ್ಗೆ ಹುಷಾರು. 2010ರ ಜಿಟಿಎಸ್ 450 ಥರದ ಹಳೆ ಕಾರ್ಡಿಗೆ ಬಯಾಸ್ (ಕಾರ್ಡಿನ ಒಳಗೇ ಇರುವ ಸಾಫ್ಟ್‌ವೇರ್) ಬದಲಿಸಿ, ಮೇಲೆ ಹೊಸ ಸ್ಟಿಕ್ಕರ್ ಅಂಟಿಸುತ್ತಾರೆ. ವಿಂಡೋಸ್ ಕೂಡ ಅದನ್ನು 1050 ಟಿಐ ಅಂತಲೇ ತೋರಿಸುತ್ತದೆ. ಕಾರ್ಡ್ ತಿರುಗಿಸಿ ಹಿಂದಿನ ಪೋರ್ಟ್ ನೋಡಿ. ನೀಲಿ ಬಣ್ಣದ, 15 ತೂತಿನ ವಿಜಿಎ ಪೋರ್ಟ್ ಇದ್ದರೆ ಅಲ್ಲೇ ಇಟ್ಟು ಬನ್ನಿ. 1050 ಟಿಐ ಚಿಪ್ಪಿಗೆ ವಿಜಿಎ ಕೊಡುವ ಶಕ್ತಿಯೇ ಇಲ್ಲ. ಅಂಗಡಿಯಲ್ಲೇ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಓಡಿಸಿ, ನಕಲಿಯಾದರೆ ಹೆಸರಿನ ಮುಂದೆ ಫೇಕ್ ಅಂತ ಸಾಮಾನ್ಯವಾಗಿ ತೋರಿಸುತ್ತದೆ. ನಿಮ್ಮ ಮಾನಿಟರಿಗೆ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಮಾಡುವ ಕನ್ವರ್ಟರ್ ಒಂದು ಕೊಂಡುಕೊಳ್ಳಿ.

ಈ 1050 ಟಿಐ ಕೂಡ 2016ರದ್ದು, ಅದು ನೆನಪಿರಲಿ. ಎನ್‌ವಿಡಿಯಾ 2025ರ ಅಕ್ಟೋಬರಿಗೆ ಅದರ ಗೇಮ್ ಡ್ರೈವರ್ ನಿಲ್ಲಿಸಿತು, 2028ರ ಅಕ್ಟೋಬರ್ ತನಕ ಭದ್ರತೆಯ ಅಪ್‌ಡೇಟ್ ಮಾತ್ರ ಕೊಡುತ್ತದೆ. ಸಿಎಸ್2ಗೆ ತೊಂದರೆ ಇಲ್ಲ. ಮುಂದೆ ಬರುವ ದೊಡ್ಡ ಗೇಮ್ ಆಡಿಸುತ್ತೀನಿ ಅಂತ ತಗೋಬೇಡಿ.

ಪ್ರಶ್ನೆ ಕೇಳಿದವರು:
ಸರ್, ನನ್ನದು ಒಂದೇ ಕಡ್ಡಿ, 8 ಜಿಬಿ. ಪಕ್ಕದ ಸ್ಲಾಟ್ ಖಾಲಿ ಇದೆ. ಸೆಟ್ಟಿಂಗ್ ಇಳಿಸಿದ ಮೇಲೆ ಈಗ ಪರವಾಗಿಲ್ಲ, ಆಡಬಹುದು. ಅಪ್ಪನಿಗೆ ಹೇಳಿದೆ. "ಹಂಗಾದ್ರ ಆ ಕಾರ್ಡಿನ ರೊಕ್ಕ ವಾಪಸ್ ತಗೊಂಡ್ ಬಾ" ಅಂತಿದ್ದಾರೆ. ಅಂಗಡಿಯವರು ಕೊಡ್ತಾರಾ?

ಉತ್ತರ:
ರೊಕ್ಕ ಕೇಳಿದರೆ ಕೊಡಲಿಕ್ಕಿಲ್ಲ. ಬದಲಿಗೆ ರ‍್ಯಾಮ್ ಕೇಳು, ಒಪ್ಪುವ ಸಾಧ್ಯತೆ ಜಾಸ್ತಿ. 210 ಅವರಿಗೂ ಉಪಯೋಗಕ್ಕೆ ಬರುತ್ತದೆ, ಬೋರ್ಡಿನ ಡಿಸ್‌ಪ್ಲೇ ಸುಟ್ಟ ಕಂಪ್ಯೂಟರಿಗೆ ಹಾಕಿ ಟ್ಯಾಲಿ, ನುಡಿ ಓಡಿಸಲು ಸಾಕು. ಅವರು ಒಪ್ಪದಿದ್ದರೆ ಕಾರ್ಡ್ ನನ್ನ ಹತ್ತಿರ ತಗೊಂಡು ಬಾ. 4 ಜಿಬಿ ಡಿಡಿಆರ್3 ಕಡ್ಡಿ ಒಂದು ಬದಲಿಗೆ ಕೊಡ್ತೀನಿ. ಬರುವ ಮುಂಚೆ ನಿನ್ನ ಕಡ್ಡಿಯ ಸ್ಟಿಕ್ಕರ್ ಫೋಟೊ ಹಾಕು. ಪಿಸಿ3 ಅಂತ ಇದೆಯಾ ಪಿಸಿ3ಎಲ್ (ಕಡಿಮೆ ವೋಲ್ಟೇಜಿನದು) ಅಂತ ಇದೆಯಾ ನೋಡಿ, ಅದೇ ಥರದ್ದು ತೆಗೆದಿಡುತ್ತೇನೆ.