ಸಹಾಯ ಬೇಕು: ಹಳೇ ಮರದಚ್ಚಿನ ಚಿತ್ರ, ಅಸಲಿಯೋ ಪುಸ್ತಕದ ಹಾಳೆಯೋ?

ಎಲ್ಲರಿಗೂ ನಮಸ್ಕಾರ. ಬರ್ಲಿನ್‌ನಲ್ಲಿದ್ದೇನೆ. ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಮರದಚ್ಚಿನ ಚಿತ್ರ ಸಿಕ್ಕಿತು. ಹೆಂಗಸರು ಮಕ್ಕಳನ್ನು ಒಳಗೆ ಸೇರಿಸಿಕೊಂಡು ಒಂದೇ ಮುದ್ದೆಯಂತೆ ನಿಂತಿದ್ದಾರೆ. ಮೈಯೆಲ್ಲ ಕಪ್ಪು, ಮುಖ ಮತ್ತು ದಪ್ಪ ಕೈಗಳಷ್ಟೇ ಬಿಳಿ. ಜರ್ಮನ್ ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರ ‘ತಾಯಂದಿರು’ ಇದು. 1921-22ರಲ್ಲಿ ಕೊರೆದದ್ದು, ‘ಯುದ್ಧ’ ಸರಣಿಯ 7 ಚಿತ್ರಗಳಲ್ಲೊಂದು. ಅವರ ಮಗ ಪೀಟರ್ 1914ರಲ್ಲೇ ಯುದ್ಧದಲ್ಲಿ ಸತ್ತಿದ್ದ. ಅದು ಗೊತ್ತಿದ್ದು ನೋಡಿದರೆ ಆ ಕೈಗಳ ಹಿಡಿತ ಬೇರೆಯೇ ಕಾಣುತ್ತದೆ.

ಭೂತಗನ್ನಡಿ ಹಿಡಿದು ನೋಡಿದೆ. ಆಫ್‌ಸೆಟ್‌ನ, ಅಂದರೆ ಈಗಿನ ಯಂತ್ರದ ಮುದ್ರಣದ, ಚುಕ್ಕಿಗಳಿಲ್ಲ. ಹಿಂಬದಿ ಸವರಿದರೆ ಸ್ವಲ್ಪ ಉಬ್ಬು ಸಿಗುತ್ತದೆ. ಆದರೆ ಕಲಾವಿದೆಯ ಪೆನ್ಸಿಲ್ ಸಹಿ ಇಲ್ಲ. ಅಸಲಿ ಚಿತ್ರದ ನಕಲನ್ನು ಸತುವಿನ ಬ್ಲಾಕ್ ಮಾಡಿ ಪುಸ್ತಕಕ್ಕೆ ಅಚ್ಚು ಹಾಕಿದ್ದರೂ ಹೀಗೇ ಇರುತ್ತದೆ ಅಲ್ವಾ? ವ್ಯತ್ಯಾಸ ಹೇಗೆ ಹಿಡಿಯುವುದು? ಪ್ರಿಂಟ್‌ಮೇಕಿಂಗ್ ಕಲಿತವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಇನ್ನೊಂದು ತಲೆನೋವು. ಯಾರೋ ಪುಣ್ಯಾತ್ಮರು ಹಿಂದೆ ಸೆಲ್ಲೋಟೇಪ್ ಅಂಟಿಸಿದ್ದಾರೆ, ಅದು ಜೇನಿನ ಬಣ್ಣಕ್ಕೆ ತಿರುಗಿದೆ. ಕೀಳಲು ಹೋದರೆ ಕಾಗದವೂ ಬರುತ್ತದೇನೋ ಅಂತ ಮುಟ್ಟಿಲ್ಲ. ಫ್ರೇಮ್ ಅಂಗಡಿಯವರು ಬೋರ್ಡಿಗೆ ಗೋಂದು ಹಾಕಿ ಅಂಟಿಸೋಣ ಅಂದರು, ಬೇಡ ಅಂದು ವಾಪಸ್ ತಂದೆ. ಮಾರುವ ಯೋಚನೆ ಇಲ್ಲ, ಸುಮ್ನೆ ಗೋಡೆಗೆ ಹಾಕಲು. ಫೋಟೋ ಕೆಳಗೆ ಹಾಕಿದ್ದೇನೆ.