ಗೌಡರ ಕೋವಿಯ ಮೇಲೆ ಸಳ

"ಕೆನ್ನೆಗೆ ಏನಾಯಿತು ಗೌಡರೇ? ಮನೆಯಲ್ಲಿ ಏನಾದರೂ…" ಎಂದು ಮೇಷ್ಟ್ರು ಮಾತನ್ನು ಅರ್ಧಕ್ಕೆ ಬಿಟ್ಟರು. ಪೂರ್ತಿ ಆಡಿದ ಮಾತಿಗಿಂತ ಅರ್ಧಕ್ಕೆ ಬಿಟ್ಟದ್ದೇ ಚೆನ್ನಾಗಿ ನಾಟುತ್ತದೆ ಎಂಬುದು ಜೀವಮಾನವೆಲ್ಲ ಪಾಠ ಹೇಳಿದವರಿಗೆ ಗೊತ್ತಿರುತ್ತದೆ.

"ಹುಲಿ ಹೊಡೆಯಿತು" ಎಂದರು ಗೌಡರು.

ಚಿಕ್ಕಮಗಳೂರಿನಲ್ಲಿ ಕುಳಿತು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಭದ್ರಾ ಅಭಯಾರಣ್ಯ ಇಲ್ಲಿಂದ ಬಹಳ ದೂರವಿಲ್ಲ. ವಕೀಲರು ಕಾಫಿ ಲೋಟವನ್ನು ಕೆಳಗಿಟ್ಟರು. ಗೌಡರು ಚೀಲದಿಂದ ಜೋಡುನಳಿಗೆಯ ಕೋವಿ ತೆಗೆದು, ಮಡಚಿ, ಎರಡೂ ನಳಿಗೆ ಖಾಲಿ ಎಂದು ಎಲ್ಲರಿಗೂ ತೋರಿಸಿ, ಆಮೇಲೆ ಮರದ ಹಿಡಿಯ ಎಡಮಗ್ಗುಲನ್ನು ಬೆಳಕಿಗೆ ತಿರುಗಿಸಿದರು. ಅಲ್ಲಿ ಹೊಯ್ಸಳರ ಸಳ ಆಯುಧ ಎತ್ತಿ ನಿಂತಿದ್ದ. ಎದುರಿಗಿದ್ದ ಮೃಗದ ಬಾಲ ಕೊಕ್ಕೆಯಾಗಿ ಮೇಲೆದ್ದು, ಸರಿಯಾಗಿ ಕೆನ್ನೆ ಒರಗಿಸುವ ಜಾಗದಲ್ಲಿ ಉಬ್ಬಿಕೊಂಡಿತ್ತು. ಗೌಡರ ಬಲಗೆನ್ನೆಯ ಮೇಲೆ ಅದೇ ಕೊಕ್ಕೆ ನೀಲಿಗಟ್ಟಿತ್ತು.

"ಇದು ಹುಲಿಯಲ್ಲ, ಸಿಂಹ. ಕೇಸರ ಇದೆ ನೋಡಿ" ಎಂದರು ವಕೀಲರು.

"ಕಥೆಯಲ್ಲಿ ಹುಲಿ, ಕಲ್ಲಿನಲ್ಲಿ ಸಿಂಹ. ಬೇಲೂರಿಗೆ ಹೋದವರೆಲ್ಲ ಈ ಜಗಳ ಆಡಿಯೇ ಬರುತ್ತಾರೆ" ಎಂದು ಮೇಷ್ಟ್ರು ಕಾಲು ಮಡಚಿ ಕುಳಿತರು. ಅವರು ಹಾಗೆ ಕುಳಿತರೆಂದರೆ ದೇವಾಲಯ ವಾಸ್ತುಶಿಲ್ಪದ ಮೇಲೆ ಒಂದು ಗಂಟೆ ಖಚಿತ. ಗೌಡರು ಅವಕಾಶ ಕೊಡಲಿಲ್ಲ.

ಕಥೆ ಇಷ್ಟು. ಅಪ್ಪನ ಕಾಲದ ಕೋವಿ, ಬೆಳೆ ರಕ್ಷಣೆಯ ಪರವಾನಗಿಯದ್ದು. ಹಿಡಿಯ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿತ್ತು. ಹೊಸ ಹಿಡಿ ಹಾಕಿಸಲು ಬಯಲುಸೀಮೆಯ ಒಂದು ರಿಪೇರಿ ಅಂಗಡಿಗೆ ಮುಂಗಾರಿನಲ್ಲಿ ಕೊಟ್ಟದ್ದು ಕಾಫಿ ಹಣ್ಣು ಕೊಯ್ಯುವ ಹೊತ್ತಿಗೆ ಕೈಸೇರಿತು. ಅಂಗಡಿಯ ಹೆಸರು ಬೇಡ. ಗೌಡರು ಈಗ ಅದಕ್ಕೆ ಇಟ್ಟಿರುವ ಹೆಸರನ್ನಂತೂ ಇಲ್ಲಿ ಬರೆಯಲಾಗದು. ಅಂಗಡಿಯವನು "ತಾವು ಯಾವ ಕಡೆಯವರು?" ಎಂದು ಕೇಳಿದನಂತೆ. "ತೋಟ ಬೇಲೂರಿನ ಹತ್ತಿರ" ಎಂದು ಇವರು ಹೇಳಿದರಂತೆ. ಕೆತ್ತನೆ ಬೇಕೆಂದು ಯಾರೂ ಕೇಳಿರಲಿಲ್ಲ.

"ಊರು ಕೇಳಿದನಲ್ಲ, ಕೈಯಳತೆ ಕೇಳಿದನೇ?" ಅಷ್ಟು ಹೊತ್ತು ಸುಮ್ಮನಿದ್ದ ಆಚಾರ್ರು ಬಾಯಿ ತೆರೆದರು. ಅವರು ಬಡಗಿ; ಮರದ ವಿಷಯ ಬರುವವರೆಗೆ ಮಾತನಾಡುವುದಿಲ್ಲ.

"ಇಲ್ಲ."

ಆಚಾರ್ರು ಜೇಬಿನಿಂದ ಟೇಪು ತೆಗೆದರು. ಮುಂದಿನ ಟ್ರಿಗರ್‌ನಿಂದ ಭುಜಕ್ಕೆ ಕೊಡುವ ತುದಿಯ ನಡುಭಾಗದವರೆಗೆ ಹಿಡಿದರೆ ಹದಿನೈದು ಮುಕ್ಕಾಲು ಅಂಗುಲ! ಸಾಧಾರಣ ಮೈಕಟ್ಟಿನವರಿಗೆ ಹದಿನಾಲ್ಕು, ಹದಿನಾಲ್ಕೂವರೆ ಇದ್ದರೆ ಸಾಕು. ನಮ್ಮ ಗೌಡರದು ಗಿಡ್ಡ ಆಳು. ಕೋವಿ ಎತ್ತಿದರೆ ಹಿಡಿಯ ತುದಿ ಭುಜಕ್ಕೆ ಬರುವ ಮೊದಲೇ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮಂಗಗಳು ಕಿತ್ತಳೆ ತಿಂದು ಸಿಪ್ಪೆ ಎಸೆದಿರುತ್ತವೆ.

"ಗುಂಡು ಎಲ್ಲಿಗೆ ಹೋಗುತ್ತದೆ?"

"ಎಡಕ್ಕೆ. ಮಣ್ಣಿನ ದಿಬ್ಬಕ್ಕೆ ಹಳೆಯ ಪೇಪರ್ ಚುಚ್ಚಿ ಈಡು ಹೊಡೆದು ನೋಡಿದೆ. ಚರೆಗಳೆಲ್ಲ ಎಡಗಡೆಯ ಮಣ್ಣಿಗೆ ಹೋದವು. ಪೇಪರಿನಲ್ಲಿದ್ದ ಮಂತ್ರಿಗಳ ಭಾವಚಿತ್ರಕ್ಕೆ ಒಂದೂ ತಾಗಲಿಲ್ಲ."

"ಅದು ನೋಡಿ, ಮೊಕದ್ದಮೆಯಿಂದ ಪಾರಾದಿರಿ" ಎಂದರು ವಕೀಲರು.

ಆಚಾರ್ರು ಗೌಡರನ್ನು ಎದ್ದು ನಿಲ್ಲಿಸಿದರು. ಕಣ್ಣು ಮುಚ್ಚಿ ಖಾಲಿ ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ಬಿಡಬೇಕು. ಹಿಡಿ ಮೈಗೆ ಒಪ್ಪಿದ್ದರೆ ಎರಡು ನಳಿಗೆಗಳ ನಡುವಿನ ಪಟ್ಟಿ ನೇರವಾಗಿ ಕಾಣಬೇಕು, ತುದಿಯ ಮಣಿ ಅದರ ಮೇಲೆ ಕುಳಿತಿರಬೇಕು. "ಏನು ಕಾಣುತ್ತದೆ?"

"ಎಡಗಡೆಯ ನಳಿಗೆಯ ಹೊಟ್ಟೆ" ಎಂದರು ಗೌಡರು.

ಈ ಮಾತಿನ ಹಿಂದೆ ಒಂದು ಸೂಕ್ಷ್ಮವಿದೆ. ಒಳ್ಳೆಯ ಹಿಡಿ ನಳಿಗೆಯ ನೇರಕ್ಕೆ ಇರುವುದಿಲ್ಲ. ಬಲಗೈಯವರಿಗೆ ಕೂದಲೆಳೆಯಷ್ಟು ಎಂಬಂತೆ ಬಲಕ್ಕೆ ವಾಲಿರುತ್ತದೆ. ಆಗ ನಳಿಗೆ ಬಂದು ಕಣ್ಣಿನ ಕೆಳಗೆ ನಿಲ್ಲುತ್ತದೆ. ಎಡಗೈಯವರಿಗೆ ಎಡಕ್ಕೆ. ಇಡೀ ವಾಲು ಕಾಲು ಅಂಗುಲ ದಾಟುವುದು ಅಪರೂಪ, ಆದರೆ ಆ ಕಾಲು ಅಂಗುಲವೇ ಮನುಷ್ಯನಿಗೂ ಕೋವಿಗೂ ಆಗುವ ಹೊಂದಾಣಿಕೆ. ಗೌಡರ ಹಿಡಿ ಎಡಕ್ಕೆ ವಾಲಿತ್ತು.

"ಬಿಸಿ ಎಣ್ಣೆ ಬಟ್ಟೆ ಸುತ್ತಿ ಬಗ್ಗಿಸಬಹುದಂತಲ್ಲ?" ಎಂದು ಮೇಷ್ಟ್ರು ಕೇಳಿದರು. ಇವರಿಗೆ ಗೊತ್ತಿಲ್ಲದ ವಿಷಯವಿಲ್ಲ. ಮಾಡಿದ ಕೆಲಸವೊಂದೂ ಇಲ್ಲ.

"ಬಗ್ಗಿಸಬಹುದು. ಉದ್ದ ಹೆಚ್ಚಾದದ್ದನ್ನು ಕೊಯ್ಯಬಹುದು. ಬಾಲ ಕೆರೆಯಬಹುದು. ಆದರೆ ಇಲ್ಲಿ ನೋಡಿ" ಎಂದು ಆಚಾರ್ರು ಹಿಡಿಯ ಕುತ್ತಿಗೆಯ ಮೇಲೆ ಉಗುರು ಎಳೆದರು. ದಟ್ಟ ಪಾಲಿಷ್‌ನ ಅಡಿಯಲ್ಲಿ ಮರದ ಎಳೆ ಉದ್ದಕ್ಕೆ ಓಡದೆ, ಕುತ್ತಿಗೆಯನ್ನು ಓರೆಯಾಗಿ ದಾಟಿ ಕೆಳಗಿನಿಂದ ಹೊರಬಿದ್ದಿತ್ತು. "ಕೋವಿ ಒದೆಯುವುದು ಇದೇ ಜಾಗಕ್ಕೆ. ಬಗ್ಗಿಸಲು ಹೋದರೆ ಮುರಿಯುತ್ತದೆ. ಬಗ್ಗಿಸದಿದ್ದರೆ ನಾಲ್ಕು ಈಡಿಗೆ ತಾನೇ ಮುರಿಯುತ್ತದೆ. ಬೇರೆ ಎಲ್ಲ ತಪ್ಪಿಗೂ ಮದ್ದಿದೆ, ಇದಕ್ಕಿಲ್ಲ."

ನನ್ನನ್ನು ಕೇಳಿದರೆ ಸಿಂಹದ ಬಾಲಕ್ಕಿಂತ ಆ ಪಾಲಿಷ್ ದೊಡ್ಡ ಅಪರಾಧ. ಬಾಲವನ್ನು ಅವನು ತಿಳಿಯದೆ ಕೆತ್ತಿದ. ಪಾಲಿಷ್ ಅನ್ನು ತಿಳಿದೇ ಹಚ್ಚಿದ.

"ಕಾಶ್ಮೀರದ ಅಕ್ರೋಟು ಮರ ಎಂದು ಹಣ ಎಣಿಸಿಕೊಂಡ" ಎಂದರು ಗೌಡರು.

ಅಕ್ರೋಟು ಹಗುರ, ಗಟ್ಟಿ. ಒದೆತ ತಡೆಯುತ್ತದೆ, ಸುಲಭವಾಗಿ ಸೀಳುವುದಿಲ್ಲ. ಒಳ್ಳೆಯ ಕೋವಿಗಳಿಗೆ ಅದನ್ನೇ ಹುಡುಕುವುದು ಅದಕ್ಕಾಗಿ. ಆಚಾರ್ರು ಹಿಂಬದಿಯ ತಗಡಿನ ಅಂಚಿನಲ್ಲಿ ಪಾಲಿಷ್ ಎದ್ದಿದ್ದ ಜಾಗವನ್ನು ಒದ್ದೆ ಬೆರಳಿನಿಂದ ಉಜ್ಜಿದರು. ತೆಳು ಕೆಂಪಿನ ಮೇಲೆ ಹೊಳೆಯುವ ಸಣ್ಣ ಸಣ್ಣ ಚುಕ್ಕೆ ಮಚ್ಚೆಗಳು ಎದ್ದು ಬಂದವು. ಅವರು ಗೌಡರ ಮುಖವನ್ನೇ ಕರುಣೆಯಿಂದ ನೋಡಿದರು.

"ಸಿಲ್ವರ್ ಓಕ್, ಗೌಡರೇ."

ಯಾರೂ ಉಸಿರೆತ್ತಲಿಲ್ಲ. ಗೌಡರ ತೋಟದಲ್ಲಿ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುವುದೆಲ್ಲ ಸಿಲ್ವರ್ ಓಕ್. ಪ್ಲೈವುಡ್ಡಿನವರಿಗೆ ಲೋಡುಗಟ್ಟಲೆ ಮಾರಿದವರು ಒಂದು ತುಂಡನ್ನು ಅಕ್ರೋಟಿನ ಬೆಲೆಗೆ ಕೊಂಡು ತಂದಿದ್ದರು.

"ಮೆಣಸಿನ ಬಳ್ಳಿ ಹಬ್ಬಿಸಲು ಅಡ್ಡಿಯಿಲ್ಲ" ಎಂದರು ಮೇಷ್ಟ್ರು. ಗೌಡರು ಅವರತ್ತ ತಿರುಗಲಿಲ್ಲ.

ಅಷ್ಟರಲ್ಲಿ ವಕೀಲರು ಕಬ್ಬಿಣ ಮತ್ತು ಮರ ಸೇರುವ ಸಂದಿಯಲ್ಲಿ ಮೇಣ ಬೆರೆಸಿದ ಮರದ ಹುಡಿ ತುಂಬಿರುವುದನ್ನು ಕಂಡರು. ಮರ ಕೂರಿಸುವವರು ಕಬ್ಬಿಣಕ್ಕೆ ದೀಪದ ಮಸಿ ಹಿಡಿದು, ಒತ್ತಿ, ಮಸಿ ಅಂಟಿದ ಕಡೆ ಮಾತ್ರ ಕೆರೆದು, ಎಲ್ಲ ಕಡೆಯೂ ಸಮನಾಗಿ ತಾಗುವವರೆಗೆ ಅದನ್ನೇ ಮಾಡುತ್ತಾರೆ. ಇಲ್ಲಿ ಯಾರೂ ಮಸಿ ಮುಟ್ಟಿದಂತಿರಲಿಲ್ಲ. ಬೇರೆಯವರ ಹಲ್ಲುಸೆಟ್ಟು ಹಾಕಿಕೊಂಡಂತೆ ಕೂತಿತ್ತು.

"ಬೇರೆಯವರದ್ದೇ!" ಮೇಷ್ಟ್ರು ನೆಟ್ಟಗಾದರು. "ಉದ್ದ ಕೈ, ಎಡಕ್ಕೆ ವಾಲು, ಕೆನ್ನೆಗೆ ಸಿಗದ ಎಡಮಗ್ಗುಲಲ್ಲಿ ಕೆತ್ತನೆ. ಇದು ಯಾರೋ ಎತ್ತರದ ಎಡಚನಿಗಾಗಿ ಕಡೆದ ಹಿಡಿ."

ಗೌಡರು ಅಲ್ಲೇ ಮೊಬೈಲ್ ತೆಗೆದು ಅಂಗಡಿಗೆ ಕರೆ ಮಾಡಿದರು. ಅವನು ಅಲ್ಲಗಳೆಯಲೇ ಇಲ್ಲ. ಆ ಗಿರಾಕಿ ಮುಂಗಡ ಕೊಟ್ಟು ಮತ್ತೆ ಬರಲಿಲ್ಲವಂತೆ, ಮರ ಹಾಳಾಗಬಾರದಲ್ಲ ಎಂದನಂತೆ. "ನೀವು ಬೇಲೂರಿನವರೆಂದು ಕೆತ್ತನೆಯನ್ನು ಪ್ರೀತಿಯಿಂದ ಸೇರಿಸಿದೆ. ಕೆನ್ನೆಗೆ ಒತ್ತಿದರೆ ಎಡಗೈ ಅಭ್ಯಾಸ ಮಾಡಿಕೊಳ್ಳಿ. ಹಣ ವಾಪಸು ಬೇಕೇ ಬೇಕೆಂದರೆ ಕೆತ್ತನೆಯ ಕೂಲಿ ಹಿಡಿದುಕೊಳ್ಳಬೇಕಾಗುತ್ತದೆ."

ಗೌಡರು ಕರೆ ಕಡಿದು, ಆಚಾರ್ರ ಕೈಗೆ ಕೋವಿ ಚಾಚಿದರು. "ನೀವೇ ಮಾಡಿ."

"ಮುಟ್ಟಬೇಡಿ!" ಎಂದರು ವಕೀಲರು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಐದನೆಯ ಕಲಮಿನ ಪ್ರಕಾರ ಕೋವಿ ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ಅಲ್ಲದೆ ಈಗ ಕೆರೆದರೆ ಸಾಕ್ಷ್ಯವೇ ಹೋಗುತ್ತದೆ. ಮೊದಲು ಎಲ್ಲ ಕೋನದಿಂದ ಫೋಟೋ, ಅಕ್ರೋಟು ಎಂದು ಬರೆದ ರಸೀದಿ, ಒಂದು ನೋಟಿಸು. ಒಪ್ಪದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಅವಧಿ ಇದೆ, ವಕೀಲರೇ ಬೇಕೆಂದೂ ಇಲ್ಲ. ಕೊನೆಯ ವಾಕ್ಯವನ್ನು ಅವರು ಸ್ವಲ್ಪ ಮೆಲ್ಲಗೆ ಹೇಳಿದರು.

ಹೊಸ ಹಿಡಿಗೆ ಬೇರೆ ರಿಪೇರಿಯವನನ್ನು ಹುಡುಕುವುದೆಂದು ತೀರ್ಮಾನವಾಯಿತು. ಆಚಾರ್ರು ಗೌಡರ ಕೈ ಮಡಚಿಸಿ, ಭುಜ, ಕತ್ತು, ಕೆನ್ನೆ ಎಲ್ಲದರ ಅಳತೆ ಹಿಡಿದು, ಕಾಗದದ ಮೇಲೆ ಒಂದೊಂದಾಗಿ ಬರೆದರು. ಕೆಳಗೆ ದಪ್ಪ ಅಕ್ಷರದಲ್ಲಿ "ಬಲಗೈ" ಎಂದು ಬರೆದು ಎರಡು ಗೆರೆ ಎಳೆದರು. ಗೌಡರು ಪೆನ್ನು ಕಸಿದುಕೊಂಡು ಅದರ ಕೆಳಗೆ "ಚಿತ್ರ ಬೇಡ" ಎಂದು ಸೇರಿಸಿದರು.