ಪದ ಬೇಕು (ತುರ್ತು): ‘ವಯೊಲೆನ್ಸ್ ಇಂಟರಪ್ಟರ್’ಗೆ ಕನ್ನಡದಲ್ಲಿ ಏನನ್ನೋಣ?

ಈಸ್ಟ್ ಬೇ ಕನ್ನಡತಿ:

ಬಳಗಕ್ಕೆ ನಮಸ್ಕಾರ. ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಪಕ್ಕದ ರಿಚ್ಮಂಡ್ ಊರಿನ ಬಗ್ಗೆ ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ರಿಚ್ಮಂಡ್, ಬೆಂಗಳೂರಿನ ರಿಚ್ಮಂಡ್ ಟೌನ್ ಅಲ್ಲ. ಅಲ್ಲಿರುವುದು ಸುಮಾರು ಒಂದು ಲಕ್ಷ ಜನ. 2007ರಲ್ಲಿ 47 ಕೊಲೆ ಆದವು. ಅದೇ ವರ್ಷ ನಗರಾಡಳಿತ ಪೊಲೀಸರಿಂದ ಬೇರೆಯಾಗಿ ಒಂದು ಕಚೇರಿ ತೆರೆಯಿತು. ಅಲ್ಲಿ ಸಂಬಳಕ್ಕಿರುವವರಲ್ಲಿ ಜೈಲು ಕಂಡು ಬಂದವರೂ ಇದ್ದಾರೆ. ಬೀದಿ ಬೀದಿ ತಿರುಗಿ ಗನ್ ಹಿಡಿದ ಹುಡುಗರ ಜೊತೆ ಮಾತಾಡುವುದೇ ಅವರ ಕೆಲಸ. ಒಬ್ಬನಿಗೆ ಗುಂಡು ಬಿತ್ತು ಅಂತ ಗೊತ್ತಾದರೆ, ಅವನ ಗೆಳೆಯರು ಸೇಡಿಗೆ ಹೊರಡುವ ಮೊದಲೇ ಹೋಗಿ ತಡೆಯುತ್ತಾರೆ. ಇಂಥ ಕೆಲಸದವರಿಗೆ ಷಿಕಾಗೋದಲ್ಲಿ ‘ವಯೊಲೆನ್ಸ್ ಇಂಟರಪ್ಟರ್’ ಅಂತ ಹೆಸರಿಟ್ಟರು. ಈಗ ಆ ಹೆಸರೇ ಎಲ್ಲ ಕಡೆ ಓಡುತ್ತಿದೆ.

ನನಗೆ ಮೂರು ಪದ ಬೇಕು. ಒಂದು ಇದು. ಇನ್ನೊಂದು ‘ಗನ್ ವಯೊಲೆನ್ಸ್’. ಮೂರನೆಯದು, ದಾರಿಗೆ ಬರುತ್ತಿರುವ ಹುಡುಗರಿಗೆ ತಿಂಗಳು ತಿಂಗಳು ಕೊಡುವ ‘ಸ್ಟೈಪೆಂಡ್’. ಭಾನುವಾರ ಅಚ್ಚಿಗೆ ಹೋಗಬೇಕು. ದಯವಿಟ್ಟು ಬೇಗ.

ಮೈಸೂರಿನಿಂದ, ನಿವೃತ್ತ ಅನುವಾದಕ:

ಹಿಂಸಾಚಾರ ನಿರೋಧಕ ಕಾರ್ಯಕರ್ತ. ಬಂದೂಕು ಹಿಂಸಾಚಾರ. ಶಿಷ್ಯವೇತನ. ಮೂರೂ ಕಡತದಲ್ಲಿ ನಡೆಯುವ ಪದಗಳು. ಚರ್ಚೆ ಬೇಕಿಲ್ಲ.

ಪುತ್ತೂರು ಮೇಷ್ಟ್ರು:

ಕಡತದಲ್ಲೇ ಇರಲಿ ಬಿಡಿ. ‘ನಿರೋಧಕ’ ಅಂದರೆ ನಮ್ಮ ವಯಸ್ಸಿನವರಿಗೆ ಯಾವ ಜಾಹೀರಾತು ನೆನಪಾಗುತ್ತದೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾ? ಓದು ಓದುಗ, ಕೇಳು ಕೇಳುಗ. ಹಾಗೇ ಬಿಡಿಸು, ಬಿಡಿಸುಗ. ಜಗಳ ಬಿಡಿಸುವವನು ಅಂತ ಯಾರಿಗೂ ಅರ್ಥವಾಗುತ್ತದೆ. ಗನ್ನಿಗೆ ಕೋವಿ. ಕೊಳವೆ, ಕೊಳಲು, ಕೋವಿ, ಎಲ್ಲ ಒಂದೇ ಬೇರಿನವು, ಎಲ್ಲ ಅಚ್ಚಕನ್ನಡ. ಬಂದೂಕು ಹೊರಗಿನಿಂದ ಬಂದದ್ದು. ಅರಬಿಯಲ್ಲಿ ಬುಂದುಕ್ ಅಂದರೆ ಮೊದಲು ಒಂದು ಬಗೆಯ ಕಾಯಿ, ಆಮೇಲೆ ಆ ಕಾಯಿಯಂಥ ಗುಂಡು, ಕೊನೆಗೆ ಗುಂಡು ಹಾರಿಸುವ ಸಾಧನ. ನಮ್ಮದಿರುವಾಗ ಅದು ಯಾಕೆ?

ಧಾರವಾಡದಿಂದ:

‘ಬಿಡಿಸುಗ’ ಅಂದರೆ ನನಗೆ ಕಣ್ಣಿಗೆ ಬರುವುದು ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುವ ನಮ್ಮ ಅಜ್ಜಿ. ಒಗಟು ಬಿಡಿಸುವವನೂ ಬಿಡಿಸುಗ, ಚಿತ್ರ ಬಿಡಿಸುವವನೂ ಬಿಡಿಸುಗ. ಪೊಲೀಸು ಠಾಣೆಯಿಂದ ಮಗನನ್ನು ಬಿಡಿಸಿಕೊಂಡು ಬರುವ ಪುಢಾರಿಯೂ ಬಿಡಿಸುಗನೇ. ಅಕ್ಕಾವ್ರ ಲೇಖನಕ್ಕೆ ಆ ಕೊನೇ ಅರ್ಥ ಬಿದ್ದರೆ ಕೆಲಸ ಕೆಟ್ಟಂತೆ. ಇನ್ನು ಕೊಳವೆಯಿಂದ ಕೋವಿ ಬಂತು ಅಂದರೆ ನಡುವಿನ ಳಕಾರ ಎಲ್ಲಿ ಹೋಯಿತು, ಮೇಷ್ಟ್ರೇ?

ಪುತ್ತೂರು ಮೇಷ್ಟ್ರು:

ಬಿದ್ದು ಹೋಯಿತು. ಬೀಳಬಾರದು ಅಂತ ಕಾನೂನು ಇದೆಯಾ?

ಮಡಿಕೇರಿಯಿಂದ:

ಮೇಷ್ಟ್ರೇ, ಕೋವಿಯನ್ನು ಇದಕ್ಕೆ ತರಬೇಡಿ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ. ಕೊಡವ ತಕ್ಕಿನಲ್ಲಿ ಅದಕ್ಕೆ ತೋಕ್ ಅನ್ನುತ್ತೇವೆ, ಕನ್ನಡ ಮಾತಾಡುವಾಗ ಕೋವಿ ಅನ್ನುತ್ತೇವೆ. ‘ಕೋವಿ ಹಿಂಸೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದರೆ ಓದುವವರು ಮೊದಲು ನಮ್ಮ ಮುಖ ನೋಡುತ್ತಾರೆ. ನಿಮ್ಮ ಕಡೆಯೂ ಅಷ್ಟೇ ಅಲ್ವಾ? ಕೋವಿ ಅಂದರೆ ತೋಟಕ್ಕೆ ಬರುವ ಕಾಡುಹಂದಿಗೆ ಇಟ್ಟುಕೊಂಡದ್ದು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡುವ ವಸ್ತು. ಹದಿನೆಂಟರ ಹುಡುಗ ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡದ್ದು ಕೋವಿ ಅಲ್ಲ.

ಈಸ್ಟ್ ಬೇ ಕನ್ನಡತಿ:

ಈ ಮಾತು ನನಗೆ ಒಪ್ಪಿಗೆ. ಇಲ್ಲಿ ಆ ಹುಡುಗರ ಕೈಯಲ್ಲಿರುವುದು ಪಿಸ್ತೂಲು. ಬಂದೂಕು ಅಂದರೂ ಉದ್ದನೆಯದೇ ಕಣ್ಣಿಗೆ ಬರುತ್ತದೆ. ಹಾಗಾದರೆ ಸಾಧನದ ಹೆಸರು ಬಿಟ್ಟು ‘ಗುಂಡು’ ಹಿಡಿದರೆ ಹೇಗೆ? ‘ಓಣಿ ಹುಡುಗರ ಗುಂಡು ಬಿಡಿಸಲು ಸರ್ಕಾರದ ಹಣ’ ಅಂತ ತಲೆಬರಹ ಇಟ್ಟುಕೊಂಡಿದ್ದೆ.

ಧಾರವಾಡದಿಂದ:

ಅಕ್ಕಾವ್ರೇ, ಆ ತಲೆಬರಹ ಓದಿದವರು ಕುಡಿತ ಬಿಡಿಸುವ ಶಿಬಿರ ಅಂದುಕೊಳ್ಳುತ್ತಾರೆ.

ಮೈಸೂರಿನಿಂದ:

‘ಗುಂಡೇಟು’ ಹಾಕಿ. ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ಅದರಲ್ಲಿ ಗೊಂದಲ ಇಲ್ಲ. ಶಿಷ್ಯವೇತನಕ್ಕೆ ಯಾರೂ ತಕರಾರು ತೆಗೆದಿಲ್ಲ ಅಂತ ಗಮನಿಸಿದ್ದೇನೆ.

ಧಾರವಾಡದಿಂದ:

ತೆಗೆಯುತ್ತೇನೆ. ಗುಂಡು ಹಾರಿಸಿದ ಅನುಮಾನ ಇರುವವನಿಗೆ ಶಿಷ್ಯವೇತನ! ಅವನು ಯಾರ ಶಿಷ್ಯ?

ಈಸ್ಟ್ ಬೇ ಕನ್ನಡತಿ:

ನಗಬೇಡಿ, ಇಂಗ್ಲಿಷಿನಲ್ಲೂ ಅವರು ಬೇಕೆಂದೇ ಅಂಥ ಪದ ಇಟ್ಟಿದ್ದಾರೆ. 2010ರಲ್ಲಿ ರಿಚ್ಮಂಡ್ ಕಚೇರಿಯ ಆಗಿನ ಮುಖ್ಯಸ್ಥ ಡಿವೋನ್ ಬೋಗನ್ ಶುರುಮಾಡಿದ ಆ ಯೋಜನೆಯ ಹೆಸರಿನಲ್ಲೇ ‘ಫೆಲೋಶಿಪ್’ ಇದೆ. ಒಂದಷ್ಟು ತಿಂಗಳು ಹೇಳಿದ ಹಾಗೆ ನಡೆದುಕೊಂಡ ಹುಡುಗನಿಗೆ ತಿಂಗಳಿಗೆ 1000 ಡಾಲರ್‌ವರೆಗೆ, ಒಟ್ಟು ಒಂಬತ್ತು ತಿಂಗಳು. ‘ಕೊಲೆ ಮಾಡದೆ ಇರುವುದಕ್ಕೆ ದುಡ್ಡು’ ಅಂತ ಅದನ್ನು ಬೈದವರು ಬೇಕಾದಷ್ಟು ಜನ. ಆದರೆ ಕೆಲಸಗಾರರ ಸಂಬಳ ನಗರದ ಬೊಕ್ಕಸದ್ದು, ಹುಡುಗರಿಗೆ ಕೊಡುವುದು ಖಾಸಗಿ ದಾನದ್ದು. ಎರಡಕ್ಕೂ ‘ಅನುದಾನ’ ಅಂದುಬಿಟ್ಟರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ನನ್ನ ಲೇಖನ ನಿಂತಿರುವುದೇ ಅದರ ಮೇಲೆ. 2014ಕ್ಕೆ ಅಲ್ಲಿ ಕೊಲೆ 11ಕ್ಕೆ ಇಳಿಯಿತು. ಅದಕ್ಕೆ ಇದೊಂದೇ ಕಾರಣ ಅಂತ ನಾನು ಬರೆಯುವುದಿಲ್ಲ, ಪೊಲೀಸರ ಕೆಲಸವೂ ಬದಲಾಗಿತ್ತು.

ಮೈಸೂರಿನಿಂದ:

ಹಾಗಾದರೆ ನಗರದ್ದಕ್ಕೆ ‘ಅನುದಾನ’, ಹುಡುಗರದ್ದಕ್ಕೆ ‘ಭತ್ಯೆ’. ಶಿಷ್ಯವೇತನ ವಾಪಸ್ ತೆಗೆದುಕೊಂಡೆ.

ಪುತ್ತೂರು ಮೇಷ್ಟ್ರು:

ಅನುದಾನ ಯಾಕೆ? ನೆರವುಹಣ ಅನ್ನಿ. ದಾನ ಅಂದಕೂಡಲೇ ಕೊಟ್ಟವನು ದೊಡ್ಡವನು, ತೆಗೆದುಕೊಂಡವನು ಕೈಚಾಚಿದವನು ಆಗುತ್ತಾನೆ. ತೆರಿಗೆ ಕಟ್ಟಿದವರ ಹಣ ಅವರ ಬೀದಿಗೇ ಬಂದರೆ ದಾನ ಹೇಗಾಯಿತು? ಸಂಸ್ಕೃತದ ಪದ ತಂದರೆ ಅದರ ಗತ್ತೂ ಜೊತೆಗೆ ಬರುತ್ತದೆ.

ಧಾರವಾಡದಿಂದ:

ಮೇಷ್ಟ್ರು ಇಷ್ಟು ಹೊತ್ತಿಗೆ ಒಂದು ಸರಿಯಾದ ಮಾತು ಹೇಳಿದರು. ಆದರೂ ನಮ್ಮೂರಿನ ಅನುದಾನಿತ ಶಾಲೆಯನ್ನು ‘ನೆರವುಹಣದ ಶಾಲೆ’ ಅಂದರೆ ಮಕ್ಕಳೇ ಬರುವುದಿಲ್ಲ. ನಿಮ್ಮ ಮಾತಲ್ಲೂ ‘ಕಾನೂನು’ ಬಂದುಹೋಯಿತು, ಅದು ಯಾವ ಊರಿಂದ ಬಂದದ್ದು? ತುಪಾಕಿ ತುರ್ಕಿಯದು, ಅಂದಮಾತ್ರಕ್ಕೆ ಬಿಟ್ಟಿದ್ದೇವಾ? ರೂಢಿಯಲ್ಲಿ ಬೆರೆತದ್ದು ನಮ್ಮದು. ಬೇರು ಅಗೆಯುತ್ತಾ ಕೂತರೆ ಗಿಡ ಒಣಗುತ್ತದೆ.

ಪುತ್ತೂರು ಮೇಷ್ಟ್ರು:

ಬೇರು ಗೊತ್ತಿಲ್ಲದವರು ಹೇಳುವ ಮಾತು ಇದು. ನಾನು ಇನ್ನು ಬರೆಯುವುದಿಲ್ಲ.

ಮಡಿಕೇರಿಯಿಂದ:

ಜಗಳ ಬಿಡಿಸುವವರು ಈ ಬಳಗಕ್ಕೇ ಬೇಕಾಗಿದ್ದಾರೆ. ಅಕ್ಕನ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಈಸ್ಟ್ ಬೇ ಕನ್ನಡತಿ:

ನನಗಿರುವ ತೊಡಕು ಹೇಳುತ್ತೇನೆ. ನಾವು ಜಗಳ ಬಿಡಿಸುವುದು ಇಬ್ಬರು ಕೈಕೈ ಮಿಲಾಯಿಸಿದ ಮೇಲೆ. ಇವರು ಹೋಗುವುದು ಅದಕ್ಕೂ ಮುಂಚೆ. ಷಿಕಾಗೋದಲ್ಲಿ ಇದನ್ನು ಹುಟ್ಟುಹಾಕಿದ ಗ್ಯಾರಿ ಸ್ಲಟ್ಕಿನ್ ಸಾಂಕ್ರಾಮಿಕ ರೋಗಗಳ ವೈದ್ಯ. ಕ್ಷಯ, ಕಾಲರಾ ನೋಡಿ ಬಂದವರು. ಗುಂಡೇಟೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ನಡುವೆ ಎಲ್ಲಾದರೂ ತಡೆಯಬೇಕು ಅನ್ನುವುದು ಅವರ ವಾದ. ಕೊರೊನಾ ಕಾಲದಲ್ಲಿ ನಾವು ‘ಸರಪಳಿ ತುಂಡರಿಸಿ’ ಅನ್ನುತ್ತಿರಲಿಲ್ಲವಾ, ಅದೇ ಇದು.

ಧಾರವಾಡದಿಂದ:

ಹಾಗಿದ್ದರೆ ‘ಸೇಡು ತಡೆಯುವವರು’. ಸೇಡು ಅಂದಮೇಲೆ ಮುಂದಿನ ಏಟು ಇನ್ನೂ ಬಿದ್ದಿಲ್ಲ ಅಂತಲೇ ಅರ್ಥ. ಸರಪಳಿಯೂ ಅದರಲ್ಲೇ ಬಂತು.

ಮೈಸೂರಿನಿಂದ:

ಕಡತಕ್ಕೆ ಸೇರುವ ಪದವಲ್ಲ. ಲೇಖನಕ್ಕೆ ಆಗಬಹುದು.

ಈಸ್ಟ್ ಬೇ ಕನ್ನಡತಿ:

ಅಚ್ಚಿಗೆ ಕಳಿಸಿ ಆಯಿತು. ಸೇಡು ತಡೆಯುವವರು, ಗುಂಡೇಟು, ಭತ್ಯೆ. ‘ಅನುದಾನ’ ಒಂದೇ ಕಡೆ ಉಳಿಸಿಕೊಂಡೆ: 2025ರ ಏಪ್ರಿಲಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ನ್ಯಾಯ ಇಲಾಖೆ ಇಂಥ ಎಷ್ಟೋ ಸಂಘಗಳಿಗೆ ಕೊಡುತ್ತಿದ್ದುದನ್ನು ನಡುವೆಯೇ ನಿಲ್ಲಿಸಿದ ಕಡೆ. ಅಲ್ಲಿ ಆ ಗತ್ತು ಸರಿಹೊಂದುತ್ತದೆ, ಮೇಷ್ಟ್ರೇ. ಗನ್ನು, ಮದ್ದುಗುಂಡಿನ ಮಾರಾಟದ ಮೇಲೆ ಕ್ಯಾಲಿಫೋರ್ನಿಯಾ 2024ರ ಜುಲೈಯಿಂದ ಹಾಕಿದ ಶೇಕಡಾ 11ರ ತೆರಿಗೆಯ ಕಡೆ ಮಾತ್ರ ‘ನೆರವುಹಣ’ ಅಂತ ಬರೆದಿದ್ದೇನೆ. ಆ ದುಡ್ಡಿನಲ್ಲಿ ಈ ಕೆಲಸಕ್ಕೂ ಪಾಲಿದೆ.

ಪುತ್ತೂರು ಮೇಷ್ಟ್ರು:

ಸಂತೋಷ. ‘ಗನ್ನು’ ಅಂತ ಬರೆದಿದ್ದೀರಿ. ಕೋವಿ ಇತ್ತು.